ಗುಲಾಬಿ ಹೊಗೆಯ ಹಿಂದಿನ ರಸ್ತೆ

ಹಿತ್ತಾಳೆ ವಾದ್ಯಗಳ ಮೇಳ ಮುಂದೆ ಸಾಗಿದೆ, ಬೀದಿಯ ಎರಡೂ ಬದಿಯಲ್ಲಿ ಜನ ಕುಣಿಯುತ್ತಿದ್ದಾರೆ. ಗುಂಪಿನ ಅಂಚಿನಲ್ಲಿ ಒಬ್ಬ ಮಹಿಳೆ ತನ್ನ ಬೈಕಿನ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಹಿಂದಿನ ಚಕ್ರವನ್ನು ನಿಂತಲ್ಲೇ ತಿರುಗಿಸುತ್ತಾಳೆ. ಟೈರು ಡಾಂಬರಿಗೆ ಉಜ್ಜಿ ಕಾದು ಹೊಗೆಯಾಗುತ್ತದೆ. ಆ ಹೊಗೆ ಬೂದು ಬಣ್ಣದ್ದಲ್ಲ, ಗುಲಾಬಿ. ಅವಳ ಕಾಲಲ್ಲಿ ಎತ್ತರದ ಹಿಮ್ಮಡಿಯ ಪಾದರಕ್ಷೆ, ಮೈಮೇಲೆ ಕ್ಲಬ್ಬಿನ ಅಂಗಿ. ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕಪ್ಪು ಮಹಿಳೆಯರು ಕಟ್ಟಿಕೊಂಡ ‘ಕ್ಯಾರಮೆಲ್ ಕರ್ವ್ಸ್’ ಎಂಬ ಮೋಟರ್‌ಸೈಕಲ್ ಕ್ಲಬ್ಬನ್ನು ಜಗತ್ತು ಗುರುತಿಸುವುದು ಈ ಒಂದು ನೋಟದಿಂದ. ಅವರ ಬಗ್ಗೆ ಕಿರು ಸಾಕ್ಷ್ಯಚಿತ್ರಗಳು ಬಂದಿವೆ. ಅಕಾಶಾ ರಬುಟ್ ಎಂಬ ಛಾಯಾಗ್ರಾಹಕಿ ವರ್ಷಗಟ್ಟಲೆ ಅವರ ಜೊತೆಗಿದ್ದು ತೆಗೆದ ಚಿತ್ರಗಳು ದೇಶದೇಶಗಳಲ್ಲಿ ಓಡಾಡಿವೆ.

ಇಂಥ ಚಿತ್ರವೊಂದನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಆ ಪಾದರಕ್ಷೆಯಲ್ಲಿ ಗೇರ್ ಹೇಗೆ ಹಾಕುತ್ತಾರೆ? ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ ಎಂದು ನಾನು ನಂಬುತ್ತೇನೆ. ಕ್ಲಬ್ಬೇ ಏಕೆ? ಬೈಕು ಒಬ್ಬರು ಓಡಿಸುವ ವಾಹನ. ಬೇಕಾದಾಗ ಹತ್ತಿ ಬೇಕಾದ ಕಡೆ ಹೋಗಬಹುದು. ಅದಕ್ಕೊಂದು ಸಂಘ, ಸಮವಸ್ತ್ರ, ನಿಯಮಾವಳಿ, ಅಧ್ಯಕ್ಷೆ, ಕಾರ್ಯದರ್ಶಿ, ಪರೀಕ್ಷಾರ್ಥ ಸದಸ್ಯತ್ವ ಇವೆಲ್ಲ ಯಾಕೆ ಬೇಕು? ಇದಕ್ಕೆ ಉತ್ತರ ಸಿಕ್ಕರೆ ಗುಲಾಬಿ ಹೊಗೆಯ ಅರ್ಥವೂ ಬದಲಾಗುತ್ತದೆ.

ಮೊದಲು ಕ್ಲಬ್ ಎಂಬ ವ್ಯವಸ್ಥೆಯನ್ನು ತಿಳಿಯೋಣ. ಅಮೆರಿಕದಲ್ಲಿ ಬೈಕ್ ಸವಾರರ ಗುಂಪುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ರೈಡಿಂಗ್ ಕ್ಲಬ್ ಎಂದರೆ ವಾರಾಂತ್ಯಕ್ಕೆ ಜೊತೆಯಾಗಿ ಸವಾರಿ ಹೊರಡುವ ಸ್ನೇಹಿತರ ಕೂಟ. ಮೋಟರ್‌ಸೈಕಲ್ ಕ್ಲಬ್ ಹಾಗಲ್ಲ. ಅಲ್ಲಿ ಸೇರಬಯಸುವವರು ತಿಂಗಳುಗಟ್ಟಲೆ ‘ಪ್ರಾಸ್ಪೆಕ್ಟ್’ ಆಗಿ ಇರಬೇಕು. ಕರೆದಾಗ ಬರಬೇಕು, ದುಡಿಯಬೇಕು, ನಂಬಿಕೆ ಗಳಿಸಬೇಕು. ಆಮೇಲೆ ಸದಸ್ಯರು ಮತ ಹಾಕಿ ಒಪ್ಪಿದರೆ ಮಾತ್ರ ತೋಳಿಲ್ಲದ ಅಂಗಿಯ ಬೆನ್ನಿಗೆ ಕ್ಲಬ್ಬಿನ ಲಾಂಛನ ಹೊಲಿಸಿಕೊಳ್ಳುವ ಹಕ್ಕು. ಈ ಲಾಂಛನಕ್ಕೆ ‘ಪ್ಯಾಚ್’ ಎನ್ನುತ್ತಾರೆ, ಅಂಗಿಗೆ ‘ಕಲರ್ಸ್’. ಸಾಂಪ್ರದಾಯಿಕ ಪ್ಯಾಚ್ ಮೂರು ತುಂಡುಗಳದ್ದು: ಮೇಲೆ ಬಿಲ್ಲಿನಂತೆ ಬಾಗಿದ ಪಟ್ಟಿಯಲ್ಲಿ ಕ್ಲಬ್ಬಿನ ಹೆಸರು, ನಡುವೆ ಚಿಹ್ನೆ, ಕೆಳಗಿನ ಪಟ್ಟಿಯಲ್ಲಿ ಊರಿನ ಅಥವಾ ರಾಜ್ಯದ ಹೆಸರು. ಸೂಕ್ಷ್ಮ ಇರುವುದು ಆ ಕೆಳಗಿನ ಪಟ್ಟಿಯಲ್ಲೇ. ಊರಿನ ಹೆಸರನ್ನು ಬೆನ್ನಿಗೆ ಹಾಕಿಕೊಂಡರೆ ‘ಈ ಸೀಮೆ ನಮ್ಮದು’ ಎಂದು ಹೇಳಿದಂತೆ. ಅಲ್ಲಿ ಮೊದಲಿನಿಂದ ಇರುವ ಪ್ರಬಲ ಕ್ಲಬ್ಬುಗಳ ಒಪ್ಪಿಗೆಯಿಲ್ಲದೆ ಹಾಗೆ ಹಾಕಿಕೊಂಡರೆ ಜಗಳ ಖಚಿತ. ಕಪ್ಪು ಸವಾರರ ಲೋಕಕ್ಕೆ ಅವರೇ ಇಟ್ಟುಕೊಂಡ ಹೆಸರು ‘ಸೆಟ್’. ಸೆಟ್‌ನಲ್ಲಿ ಹೊಸ ಕ್ಲಬ್ ಹುಟ್ಟಬೇಕಾದರೆ ಹಿರಿಯ ಕ್ಲಬ್ಬುಗಳ ಬಳಿ ಹೋಗಿ ಕೂತು ಮಾತನಾಡಬೇಕು. ಆ ಹಿರಿಯ ಕ್ಲಬ್ಬುಗಳು ಬಹುತೇಕ ಗಂಡಸರವು.

ಹೀಗಾಗಿ ಮಹಿಳೆಯರ ಗುಂಪೊಂದು ತನ್ನದೇ ಹೆಸರನ್ನು ಬೆನ್ನ ಮೇಲೆ ಹೊತ್ತು ಬೀದಿಗಿಳಿಯುವುದು ಸಣ್ಣ ಸಂಗತಿಯಲ್ಲ. ಹಲವು ಪುರುಷ ಕ್ಲಬ್ಬುಗಳಲ್ಲಿ ಮಹಿಳೆಯರಿಗೆ ಸದಸ್ಯತ್ವವೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂರುವ ಸಂಗಾತಿಯ ಅಂಗಿಯ ಮೇಲೆ ‘ಇಂಥವನ ಸ್ವತ್ತು’ ಎಂದು ಹೊಲಿಸುವ ಪದ್ಧತಿ ಕೆಲವು ಕ್ಲಬ್ಬುಗಳಲ್ಲಿ ದಶಕಗಳಿಂದ ನಡೆದು ಬಂದಿದೆ. ಅದೇ ಬಟ್ಟೆಯ ಅದೇ ಜಾಗದಲ್ಲಿ ತಾವೇ ಇಟ್ಟ ಹೆಸರನ್ನು ಹೊಲಿಸಿಕೊಂಡ ಮಹಿಳೆಯರು ಇವರು. ಸಾಕ್ಷ್ಯಚಿತ್ರ ನೋಡುವಾಗ ಅವರ ಮುಖದಷ್ಟೇ ಬೆನ್ನನ್ನೂ ನೋಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ಬಣ್ಣದ ಮಾತು. ಅಮೆರಿಕದ ಬೈಕ್ ಸವಾರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಚರ್ಮದ ಜಾಕೆಟ್ ತೊಟ್ಟ, ಗಡ್ಡ ಬಿಟ್ಟ ಬಿಳಿಯ. ಆ ಚಿತ್ರ ತಾನಾಗಿ ಹುಟ್ಟಿದ್ದಲ್ಲ. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಪುಟ್ಟ ಊರಿನ ಬೈಕ್ ಮೇಳದಲ್ಲಿ ನಡೆದ ಗಲಾಟೆಯನ್ನು ಪತ್ರಿಕೆಗಳು ದೊಡ್ಡದು ಮಾಡಿದವು, ಅದರಿಂದ ಸಿನಿಮಾಗಳು ಹುಟ್ಟಿದವು, ‘ಕಾನೂನು ಮೀರಿದ ಸವಾರ’ ಒಂದು ಮಾದರಿಯಾದ. ಆದರೆ ಅದಕ್ಕೂ ಮುಂಚೆಯೇ ಬೇಲಿ ಹಾಕಿ ಆಗಿತ್ತು. 1924ರಲ್ಲಿ ಹುಟ್ಟಿದ ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್, ಅಂದರೆ ಎಎಂಎ, ದೇಶದ ಬೈಕ್ ಸ್ಪರ್ಧೆ ಮತ್ತು ಕ್ಲಬ್ಬುಗಳನ್ನು ನಡೆಸುತ್ತಿದ್ದ ಮುಖ್ಯ ಸಂಸ್ಥೆ. 1950ರ ದಶಕದವರೆಗೂ ಅದರ ಸದಸ್ಯತ್ವ ಬಿಳಿಯರಿಗೆ ಮಾತ್ರ. ಅದರ ನೆರಳಲ್ಲೇ 1940ರಲ್ಲಿ ಆರಂಭವಾದ ‘ಮೋಟರ್ ಮೇಡ್ಸ್’ ಎಂಬ ಮಹಿಳಾ ಕ್ಲಬ್ ದೇಶದಲ್ಲೇ ಹೆಸರು ಮಾಡಿತು. ಆಗ ಕಪ್ಪು ಮಹಿಳೆಗೆ ಆ ಬಾಗಿಲೂ ಮುಚ್ಚಿಯೇ ಇತ್ತು.

ಬಾಗಿಲು ಮುಚ್ಚಿದಾಗ ಜನ ತಮ್ಮದೇ ಮನೆ ಕಟ್ಟಿಕೊಂಡರು. 1959ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ‘ಈಸ್ಟ್ ಬೇ ಡ್ರ್ಯಾಗನ್ಸ್’, ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ ‘ಚೋಸನ್ ಫ್ಯೂ’ ಹುಟ್ಟಿದವು. 1969ರ ‘ಈಸಿ ರೈಡರ್’ ಚಿತ್ರದಲ್ಲಿ ಉದ್ದ ಕೊರಳಿನ, ಬಾವುಟದ ಬಣ್ಣ ಬಳಿದ ಬೈಕೊಂದು ಬರುತ್ತದೆ. ಸವಾರಿಯ ಸ್ವಾತಂತ್ರ್ಯಕ್ಕೆ ಜಗತ್ತಿನಾದ್ಯಂತ ಅದೇ ಲಾಂಛನವಾಯಿತು. ಅದನ್ನು ರೂಪಿಸಿ ಕಟ್ಟಿದವರು ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕಪ್ಪು ಕುಶಲಕರ್ಮಿಗಳು. ಚಿತ್ರದಲ್ಲಿ ಅವರ ಹೆಸರು ಬರಲಿಲ್ಲ, ದಶಕಗಳ ಕಾಲ ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ. ಲಾಂಛನ ಕಟ್ಟಿದವರನ್ನೇ ಮರೆಯುವ ಸಂಸ್ಕೃತಿಯಲ್ಲಿ ಕ್ಯಾಮೆರಾ ಯಾರ ಕಡೆ ತಿರುಗುತ್ತದೆ ಎನ್ನುವುದು ಗಂಭೀರ ವಿಷಯ.

ಈ ಕಥೆಯಲ್ಲಿ ನಾನು ಬಹಳ ಹೊತ್ತು ನಿಲ್ಲಬೇಕಾದ ಜಾಗ ಬೆಸ್ಸಿ ಸ್ಟ್ರಿಂಗ್‌ಫೀಲ್ಡ್. ಇಂದು ಅಮೆರಿಕದಲ್ಲಿ ಯಾವ ಕಪ್ಪು ಮಹಿಳಾ ಕ್ಲಬ್ಬಿಗೆ ಹೋದರೂ ಅವಳ ಹೆಸರು ಕುಲದೇವತೆಯ ಹೆಸರಿನಂತೆ ಬರುತ್ತದೆ. ಹದಿನಾರರ ವಯಸ್ಸಿನಲ್ಲಿ ‘ಇಂಡಿಯನ್’ ಎಂಬ ಅಮೆರಿಕದ ಕಂಪನಿಯ 1928ರ ಸ್ಕೌಟ್ ಬೈಕಿನಲ್ಲಿ ಓಡಿಸಲು ಕಲಿತಳು. 1930ರಲ್ಲಿ ದೇಶ ಸುತ್ತಲು ಒಬ್ಬಳೇ ಹೊರಟಳು. ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಲು ನಕಾಶೆಯ ಮೇಲೆ ಪೆನ್ನಿ ನಾಣ್ಯ ಚಿಮ್ಮುತ್ತಿದ್ದಳು, ಅದು ಬಿದ್ದ ಕಡೆಗೆ ಪಯಣ. ಹೀಗೆ ಎಂಟು ಸಲ ದೇಶದುದ್ದಕ್ಕೂ ಒಂಟಿ ಸವಾರಿ ಮಾಡಿದಳು. ಜೀವಮಾನದಲ್ಲಿ 27 ಹಾರ್ಲೆ ಡೇವಿಡ್ಸನ್ ಬೈಕುಗಳನ್ನು ಇಟ್ಟುಕೊಂಡಿದ್ದಳು.

ಅದು ಎಂಥ ಕಾಲ ಎಂಬುದನ್ನು ನೆನಪಿಸಿಕೊಳ್ಳಬೇಕು. ದಕ್ಷಿಣದ ರಾಜ್ಯಗಳಲ್ಲಿ ‘ಜಿಮ್ ಕ್ರೋ’ ಎಂದು ಕರೆಯುವ ಜನಾಂಗ ಬೇರ್ಪಡಿಕೆಯ ಕಾನೂನುಗಳು ಜಾರಿಯಲ್ಲಿದ್ದವು. ಸೂರ್ಯ ಮುಳುಗುವ ಮುನ್ನ ಕಪ್ಪು ಜನ ಊರು ಬಿಟ್ಟು ಹೋಗಬೇಕೆಂದು ಫಲಕ ಹಾಕಿದ ಊರುಗಳಿದ್ದವು. ಪ್ರಯಾಣ ಎಷ್ಟು ಅಪಾಯಕಾರಿಯಾಗಿತ್ತೆಂದರೆ, ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ಕಪ್ಪು ಪ್ರಯಾಣಿಕರಿಗಾಗಿ ಕೈಪಿಡಿಯೊಂದನ್ನು ವರ್ಷವರ್ಷ ಹೊರತರಬೇಕಾಯಿತು: ಯಾವ ಊರಿನಲ್ಲಿ ಯಾರ ಮನೆಯಲ್ಲಿ ಮಲಗಬಹುದು, ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಪೆಟ್ರೋಲ್ ಹಾಕುತ್ತಾರೆ. ಬೆಸ್ಸಿ ಮೊದಲ ಸಲ ಹೊರಟಾಗ ಆ ಪುಸ್ತಕವೂ ಇರಲಿಲ್ಲ. ಕಪ್ಪು ಕುಟುಂಬಗಳು ಸಿಕ್ಕಿದರೆ ಅವರ ಮನೆಯಲ್ಲಿ, ಸಿಗದಿದ್ದರೆ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಬೈಕಿನ ಮೇಲೆಯೇ ಮಲಗುತ್ತಿದ್ದಳು. ಮಡಚಿದ ಜಾಕೆಟ್ ಹ್ಯಾಂಡಲ್ ಮೇಲೆ ದಿಂಬಾಗುತ್ತಿತ್ತು, ಕಾಲು ಹಿಂದಿನ ಮಡ್‌ಗಾರ್ಡಿನ ಮೇಲೆ. ಊಟಕ್ಕೆ ಬೇರೆ ಲೋಟ, ಊರಿಗೆ ಬೇರೆ ದಾರಿ ಎಂದರೇನೆಂದು ನಮ್ಮ ಕೇರಿಗಳ ನೆನಪಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ಆದರೂ ಒಬ್ಬ ಹೆಣ್ಣುಮಗಳು ಆ ದಾರಿಯಲ್ಲಿ ಒಬ್ಬಳೇ, ಮತ್ತೆ ಮತ್ತೆ ಹೊರಟಳು ಎನ್ನುವುದು ನನಗೆ ಎಷ್ಟು ಸಲ ಓದಿದರೂ ಮೈ ಜುಮ್ಮೆನಿಸುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವಳು ಸೇನೆಗೆ ಪತ್ರ ತಲುಪಿಸುವ ನಾಗರಿಕ ಸವಾರಳಾಗಿ ಕೆಲಸ ಮಾಡಿದಳು. ಮುಂದೆ ಫ್ಲೋರಿಡಾದ ಮಯಾಮಿ ಬಳಿ ನೆಲೆಸಿ ನರ್ಸ್ ವೃತ್ತಿ ಹಿಡಿದಳು. ಅಲ್ಲಿನ ಪೊಲೀಸರು ಕಪ್ಪು ಹೆಂಗಸು ಬೈಕ್ ಓಡಿಸುವಂತಿಲ್ಲ ಎಂದು ಮತ್ತೆ ಮತ್ತೆ ತಡೆದಾಗ ಅವಳು ನೇರವಾಗಿ ಮೇಲಧಿಕಾರಿಯ ಬಳಿ ಹೋಗಿ, ಅವರೆದುರು ತನ್ನ ಕೈಚಳಕವನ್ನೆಲ್ಲ ತೋರಿಸಿ ದಾರಿ ಬಿಡಿಸಿಕೊಂಡಳೆಂದು ಹೇಳಿಕೊಂಡಿದ್ದಾಳೆ. ‘ಮಯಾಮಿಯ ಮೋಟರ್‌ಸೈಕಲ್ ರಾಣಿ’ ಎಂದು ಹೆಸರಾದಳು. ‘ಐರನ್ ಹಾರ್ಸ್’ ಎಂಬ ಕ್ಲಬ್ಬನ್ನು ಕಟ್ಟಿದಳು. 1993ರಲ್ಲಿ ತೀರಿಕೊಂಡಳು. ಒಂದು ಕಾಲಕ್ಕೆ ಅವಳ ಜನರನ್ನು ಹೊರಗಿಟ್ಟಿದ್ದ ಅದೇ ಎಎಂಎ 2000ದಲ್ಲಿ ಅವಳ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು, 2002ರಲ್ಲಿ ಅವಳನ್ನು ತನ್ನ ಗೌರವ ಭವನಕ್ಕೆ ಸೇರಿಸಿತು.

ಸಾಕ್ಷ್ಯಚಿತ್ರ ಮಾಡುವವರಿಗೆ ಇಲ್ಲಿ ಕಠಿಣವಾದ ಒಂದು ಸವಾಲು ಎದುರಾಗುತ್ತದೆ. ತಾನು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದೆ, ಚಿಕ್ಕಂದಿನಲ್ಲೇ ಅನಾಥಳಾದೆ ಎಂದು ಬೆಸ್ಸಿ ಹೇಳಿಕೊಂಡಿದ್ದಳು. ದಾಖಲೆಗಳು ಮತ್ತು ಬಂಧುಗಳ ಮಾತು ಬೇರೆಯೇ ಹೇಳುತ್ತವೆ: ಹುಟ್ಟಿದ್ದು ನಾರ್ತ್ ಕ್ಯಾರೊಲಿನಾದ ಈಡನ್‌ಟನ್ ಊರಿನಲ್ಲಿ, 1911 ಅಥವಾ 1912ರಲ್ಲಿ. ಹಾಗಾದರೆ ಉಳಿದ ಕಥೆಗಳನ್ನು ಎಷ್ಟು ನಂಬುವುದು? ನನ್ನ ಅಭಿಪ್ರಾಯವಿಷ್ಟು. ದಾಖಲೆ ಇಡುವ ಸಂಸ್ಥೆಗಳೇ ಒಳಗೆ ಬಿಟ್ಟುಕೊಳ್ಳದ ವ್ಯಕ್ತಿಯ ಬದುಕು ಬಾಯಿಮಾತಿನಲ್ಲೇ ಉಳಿದುಕೊಳ್ಳುತ್ತದೆ, ಬಾಯಿಮಾತಿಗೆ ಉಪ್ಪುಖಾರ ಬೀಳುತ್ತದೆ. ಒಳ್ಳೆಯ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಅವಳು ತನ್ನನ್ನು ಹೇಗೆ ಕಟ್ಟಿಕೊಂಡಳು ಎನ್ನುವುದೂ ಚರಿತ್ರೆಯ ಭಾಗವೇ. ಇಂದಿನ ಕ್ಲಬ್ಬುಗಳು ತಮ್ಮ ಸವಾರಿಗಳನ್ನು ಇಷ್ಟೊಂದು ಚಿತ್ರೀಕರಿಸಿಕೊಳ್ಳುವುದು, 2011ರಲ್ಲಿ ಲಾಸ್ ಏಂಜಲಿಸ್‌ನ ಪೋರ್ಷ ಟೇಲರ್ ‘ಬ್ಲ್ಯಾಕ್ ಗರ್ಲ್ಸ್ ರೈಡ್’ ಎಂಬ ಪತ್ರಿಕೆಯನ್ನೇ ಆರಂಭಿಸಿದ್ದು, ಎಲ್ಲವನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಇನ್ನೊಬ್ಬರು ಬರೆಯಲಿ ಎಂದು ಕಾದವರ ಪಾಡು ಏನಾಯಿತೆಂದು ಅವರಿಗೆ ಗೊತ್ತು.

ಈಗ ಆ ಪಾದರಕ್ಷೆಯ ಪ್ರಶ್ನೆಗೆ ಬರೋಣ, ಅದನ್ನೂ ತಳ್ಳಿಹಾಕುವಂತಿಲ್ಲ. ಬೈಕು ಓಡಿಸಲು ತೋಳ್ಬಲ ಬೇಕು ಎಂಬ ನಂಬಿಕೆ ನಮ್ಮಲ್ಲೂ ಇದೆ. ಕ್ಯಾರಮೆಲ್ ಕರ್ವ್ಸ್‌ನಂಥ ಕ್ಲಬ್ಬುಗಳ ಸದಸ್ಯರ ಕೈಯಲ್ಲಿ ಸುಜುಕಿ ಹಯಬುಸದಂಥ ಬೈಕುಗಳಿವೆ, ತೂಕ ಇನ್ನೂರೈವತ್ತು ಕಿಲೋಗಿಂತ ಹೆಚ್ಚು. ಆದರೆ ಚಲಿಸುವ ಬೈಕನ್ನು ಯಾರೂ ಎತ್ತಿ ಹಿಡಿಯುವುದಿಲ್ಲ. ವೇಗ ಬಂದ ಮೇಲೆ ಅದು ತನ್ನ ಚಲನೆಯಿಂದಲೇ ನೆಟ್ಟಗೆ ನಿಲ್ಲುತ್ತದೆ. ಬಲಕ್ಕೆ ತಿರುಗಬೇಕೆಂದರೆ ಬಲಗೈಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಚಕ್ರ ಕ್ಷಣಕಾಲ ಎಡಕ್ಕೆ ಹೊರಳುತ್ತದೆ, ಬೈಕು ಬಲಕ್ಕೆ ವಾಲುತ್ತದೆ, ವಾಲಿದ ಕಡೆಗೇ ತಿರುಗುತ್ತದೆ. ಬೇಕಾದದ್ದು ಬಲವಲ್ಲ, ಲಯಜ್ಞಾನ. ಕಷ್ಟ ಇರುವುದು ನಿಂತಾಗ ಮತ್ತು ನಿಧಾನಗತಿಯಲ್ಲಿ. ಕಾಲು ನೆಲಕ್ಕೆ ಎಟುಕಬೇಕು, ತೂಕ ವಾಲುವ ಮುನ್ನ ಹಿಡಿಯಬೇಕು. ಇದನ್ನು ಕಲಿಸುವವರು ಕಲಿಯುವವರ ಮೈಕಟ್ಟು ಬಲ್ಲವರಾಗಿದ್ದರೆ ಭಯ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನ ‘ಹಾಪ್ ಆನ್ ಗರ್ಲ್ಸ್’ ತಂಡದಲ್ಲಿ ಮಹಿಳೆಯರೇ ಮಹಿಳೆಯರಿಗೆ ಬುಲೆಟ್ ಓಡಿಸಲು ಹೇಳಿಕೊಡುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ಕ್ಲಬ್ಬಿನ ಮೊದಲ ಉಪಯೋಗವೇ ಇದು.

ಎರಡನೆಯದು ರಸ್ತೆಯ ಮೇಲಿನ ರಕ್ಷಣೆ. ಗುಂಪು ಸಾಗುವಾಗ ಮುಂದೆ ‘ರೋಡ್ ಕ್ಯಾಪ್ಟನ್’, ಕೊನೆಯಲ್ಲಿ ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವ ಅನುಭವಿ ಸವಾರಳು. ನಡುವಿನವರು ಒಂದೇ ಸಾಲಿನಲ್ಲಿ ಸಾಗುವುದಿಲ್ಲ, ಪಗಡೆ ಹಾಸಿನ ಮನೆಗಳಂತೆ ಎಡಕ್ಕೊಬ್ಬರು ಬಲಕ್ಕೊಬ್ಬರು. ಹಾಗಿದ್ದರೆ ಪ್ರತಿಯೊಬ್ಬರಿಗೂ ಬ್ರೇಕ್ ಹಾಕಲು ಜಾಗ ಇರುತ್ತದೆ, ಕಾರಿನವರ ಕಣ್ಣಿಗೆ ಇಡೀ ಗುಂಪು ಒಂದೇ ದೊಡ್ಡ ವಾಹನದಂತೆ ಕಾಣುತ್ತದೆ. ಬೆಸ್ಸಿಯನ್ನು ಪಿಕಪ್ ಟ್ರಕ್ಕಿನವನೊಬ್ಬ ಬೆನ್ನಟ್ಟಿ ರಸ್ತೆಯಿಂದ ಕೆಡವಿದ್ದನಂತೆ. ಒಂಟಿ ಸವಾರಳಿಗೆ ಮಾಡಬಹುದಾದದ್ದನ್ನು ಹದಿನೈದು ಜನರಿಗೆ ಮಾಡಲು ಯಾರಿಗೂ ಸುಲಭವಲ್ಲ.

ಮೂರನೆಯದನ್ನು ತಿಳಿಯಲು ನ್ಯೂ ಆರ್ಲಿಯನ್ಸ್‌ಗೇ ಮರಳಬೇಕು. ಅಲ್ಲಿ ಹತ್ತೊಂಬತ್ತನೇ ಶತಮಾನದಿಂದಲೂ ಕಪ್ಪು ಜನರ ಪರಸ್ಪರ ಸಹಾಯ ಸಂಘಗಳಿವೆ. ಕಾಯಿಲೆಗೆ ಔಷಧಿ, ಸತ್ತರೆ ಗೌರವದ ಶವಸಂಸ್ಕಾರ, ವಿಧವೆಗೆ ನೆರವು. ವಿಮಾ ಕಂಪನಿಗಳು ಕಪ್ಪು ಜನರಿಗೆ ಕೊಡದಿದ್ದುದನ್ನು ಚಂದಾ ಎತ್ತಿ ಕೊಟ್ಟುಕೊಂಡ ಸಂಘಗಳು. 1884ರಲ್ಲಿ ಹುಟ್ಟಿದ ‘ಯಂಗ್ ಮೆನ್ ಒಲಿಂಪಿಯನ್’ ಸಂಘ ಇಂದಿಗೂ ಇದೆ. ಇಂಥವಕ್ಕೆ ‘ಸೋಷಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್’ ಎಂದು ಹೆಸರು. ಸಹಾಯ ಮತ್ತು ಸಂತೋಷ ಎರಡೂ ಒಂದೇ ಹೆಸರಿನಲ್ಲಿವೆ, ಈ ಜೋಡಣೆ ನನಗೆ ಬಹಳ ಇಷ್ಟ. ಅವರು ವರ್ಷಕ್ಕೊಮ್ಮೆ ಭಾನುವಾರ ಮೆರವಣಿಗೆ ತೆಗೆಯುತ್ತಾರೆ. ಸಂಘದವರೂ ವಾದ್ಯದವರೂ ಮೊದಲ ಸಾಲು, ಹಿಂದೆ ಕುಣಿಯುತ್ತ ಬರುವ ಊರಿನ ಜನ ‘ಸೆಕೆಂಡ್ ಲೈನ್’. ಹೊಸ ಬಟ್ಟೆ, ಗರಿ, ಹೊಳಪು, ಬಣ್ಣ ಎಲ್ಲ ಅಲ್ಲಿ ಕಡ್ಡಾಯ. ಬೀದಿಯನ್ನು ನಾಲ್ಕು ಗಂಟೆ ತಮ್ಮದಾಗಿಸಿಕೊಳ್ಳುವ ಹಬ್ಬ ಅದು. ಕ್ಯಾರಮೆಲ್ ಕರ್ವ್ಸ್‌ನ ಮಿನುಗು ಬಟ್ಟೆಯೂ ಗುಲಾಬಿ ಹೊಗೆಯೂ ಹುಟ್ಟಿದ್ದು ಈ ಹಳೆಯ ಬೇರಿನಿಂದ. ಕ್ಯಾಮೆರಾಕ್ಕಾಗಿ ಮಾಡಿಕೊಂಡ ವೇಷವೆಂದು ಅದನ್ನು ಓದಿದರೆ ಪೂರಾ ತಪ್ಪು ಓದು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿ, ಒಡ್ಡುಗಳು ಒಡೆದು, ನಗರದ ಶೇಕಡ 80ರಷ್ಟು ಭಾಗ ನೀರಲ್ಲಿ ಮುಳುಗಿತು. ಜನ ದೇಶದ ಮೂಲೆಮೂಲೆಗೆ ಚದುರಿದರು. ನಂತರದ ಜನಗಣತಿಯಲ್ಲಿ ಕಪ್ಪು ನಿವಾಸಿಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಕ್ಯಾರಮೆಲ್ ಕರ್ವ್ಸ್ ರೂಪುಗೊಂಡದ್ದು ಆ ದುರಂತದ ಆಸುಪಾಸಿನ ವರ್ಷಗಳಲ್ಲಿ. ಉಗುರು ಅಲಂಕಾರದ ಅಂಗಡಿ ನಡೆಸುವವರು, ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರು, ತಾಯಂದಿರು, ಸ್ವಂತ ವ್ಯಾಪಾರ ಇರುವವರು ವಾರವಿಡೀ ಕೆಲಸ ಮುಗಿಸಿ ಬಂದು ಕೂಡುವ ಕ್ಲಬ್ ಅದು. ಊರು ಚದುರಿದ ಮೇಲೆ ಮತ್ತೆ ಕೂಡುವುದಕ್ಕೆ ಒಂದು ನೆಪ, ಒಂದು ಹೆಸರು, ಒಂದು ದಿನ ಗೊತ್ತು ಮಾಡಿಕೊಳ್ಳುವುದು ಎಷ್ಟು ಮುಖ್ಯ ಎಂಬುದನ್ನು ಮುಳುಗಡೆ ಕಂಡ ಯಾವ ಊರಿನವರೂ ಬಲ್ಲರು.

ಹೊಗೆಯ ಬಗ್ಗೆ ಒಂದು ಮಾತು ಉಳಿಯಿತು. ಟೈರು ಕಪ್ಪಾಗಿರುವುದು ರಬ್ಬರಿಗೆ ಗಟ್ಟಿತನ ಬರಲೆಂದು ಬೆರೆಸುವ ಇಂಗಾಲದ ಪುಡಿಯಿಂದ. ಬಣ್ಣದ ಹೊಗೆ ಬರುವ ಟೈರುಗಳ ರಬ್ಬರಿಗೆ ಬಣ್ಣ ಬೆರೆಸಿರುತ್ತಾರೆ. ಕೆಲವೇ ನಿಮಿಷಗಳಲ್ಲಿ ಸವೆದು ಹೋಗುವ, ದುಬಾರಿ ವಸ್ತು. ಉಪಯೋಗವಿಲ್ಲದ ಖರ್ಚು ಎನ್ನುವವರಿಗೆ, ದೀಪಾವಳಿಯ ಪಟಾಕಿಯನ್ನೂ ಊರ ತೇರಿನ ಹೂವನ್ನೂ ನೆನಪಿಸಬೇಕಷ್ಟೇ.

ಕ್ಯಾಮೆರಾ ಇಲ್ಲಿ ಎಡವುವುದು ಹೇಗೆ ಎಂಬುದನ್ನೂ ಹೇಳಬೇಕು. ಬೆರಗಿನ ದೃಶ್ಯಗಳನ್ನಷ್ಟೇ ಪೋಣಿಸಿದರೆ ಇವರು ಕೌತುಕದ ವಸ್ತುಗಳಾಗುತ್ತಾರೆ. ಕಪ್ಪು ಸವಾರರ ಗುಂಪನ್ನು ನೋಡುವ ಸಮಾಜದ ಕಣ್ಣು ಇನ್ನೊಂದು ಬಗೆಯದು, ಅದರಲ್ಲಿ ಬೆರಗಿಗಿಂತ ಗುಮಾನಿ ಹೆಚ್ಚು. ಸೌತ್ ಕ್ಯಾರೊಲಿನಾದ ಮರ್ಟಲ್ ಬೀಚ್‌ನಲ್ಲಿ ಮೇ ತಿಂಗಳಲ್ಲಿ ಎರಡು ಬೈಕ್ ಉತ್ಸವಗಳು ನಡೆಯುತ್ತವೆ, ಒಂದಕ್ಕೆ ಹೆಚ್ಚಾಗಿ ಬಿಳಿಯರು, ಇನ್ನೊಂದಕ್ಕೆ ಕಪ್ಪು ಸವಾರರು. ಎರಡನೆಯದಕ್ಕೆ ಮಾತ್ರ ಕಟ್ಟುನಿಟ್ಟಿನ ಏಕಮುಖ ಸಂಚಾರ, ಮುಚ್ಚಿದ ಹೋಟೆಲುಗಳು ಏಕೆ ಎಂದು ನಾಗರಿಕ ಹಕ್ಕುಗಳ ಸಂಸ್ಥೆ ಎನ್‌ಎಎಸಿಪಿ 2003ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 1930ರ ಬೆಸ್ಸಿಯ ರಸ್ತೆಗೂ ಈ ರಸ್ತೆಗೂ ನಡುವಿನ ದೂರ ನಾವು ಅಂದುಕೊಂಡಷ್ಟಿಲ್ಲ. ಗುಮಾನಿಯ ಆ ಕಣ್ಣಿನೆದುರು ಬೈಕಿನ ಮೇಲೆ ಕೂತು ನಗುವ ಮಹಿಳೆಯರನ್ನು ತೋರಿಸುವ ಚಿತ್ರ, ಅವರ ಸೋಮವಾರದ ಬೆಳಗನ್ನೂ ತೋರಿಸಬೇಕು, ಸಭೆಯಲ್ಲಿ ಚಂದಾದ ಲೆಕ್ಕ ಒಪ್ಪಿಸುವುದನ್ನೂ ಅಂಗಿಗೆ ಪ್ಯಾಚ್ ಹೊಲಿಯುವುದನ್ನೂ ತೋರಿಸಬೇಕು.

ನ್ಯೂ ಆರ್ಲಿಯನ್ಸ್‌ನ ಕ್ಲೇಬೋರ್ನ್ ಅವೆನ್ಯೂ ಒಂದು ಕಾಲಕ್ಕೆ ಕಪ್ಪು ಜನರ ಅಂಗಡಿಬೀದಿ. ನಡುವೆ ಓಕ್ ಮರಗಳ ಸಾಲು, ಅದರ ನೆರಳಲ್ಲಿ ಹಬ್ಬದ ದಿನ ಊಟ, ಕುಣಿತ. 1966ರಲ್ಲಿ ಆ ಮರಗಳನ್ನು ಕಡಿದು, ಅದೇ ಜಾಗದಲ್ಲಿ ಹೆದ್ದಾರಿಯ ಮೇಲ್ಸೇತುವೆ ಎಬ್ಬಿಸಿದರು. ಅಂಗಡಿಗಳು ಹೋದವು. ಜನ ಮಾತ್ರ ಆ ಜಾಗ ಬಿಡಲಿಲ್ಲ, ಸೆಕೆಂಡ್ ಲೈನ್ ಮೆರವಣಿಗೆಗಳು ಇಂದಿಗೂ ಸೇತುವೆಯ ಕೆಳಗೆ ಬಂದು ಸೇರುತ್ತವೆ, ಕಾಂಕ್ರೀಟಿಗೆ ಬಡಿದು ವಾದ್ಯದ ದನಿ ಇಮ್ಮಡಿಯಾಗುತ್ತದೆ, ಬೈಕುಗಳೂ ಸಾಲುಗಟ್ಟಿ ನಿಲ್ಲುತ್ತವೆ. ಸೇತುವೆಯ ಕೆಲವು ಕಂಬಗಳ ಮೇಲೆ ಸ್ಥಳೀಯ ಕಲಾವಿದರು, ಕಡಿದು ಹಾಕಿದ ಆ ಓಕ್ ಮರಗಳನ್ನು ಬಣ್ಣದಲ್ಲಿ ಬರೆದಿದ್ದಾರೆ.